ಜೂಲದ ಪಕ್ಕದ ಚೀಟಿ

ಹುಬ್ಬಳ್ಳಿಯ ಒಂದು ಕಲಾ ಗ್ಯಾಲರಿಯಲ್ಲಿ ನಾನು ಚೀಟಿ ಬರೆಯುವ ಕೆಲಸ ಮಾಡುತ್ತಿದ್ದೆ. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಇದಕ್ಕಿಂತ ಉದ್ದವಿತ್ತು, ಮಾಡುತ್ತಿದ್ದದ್ದು ಮಾತ್ರ ಇಷ್ಟೇ. ಗೋಡೆಗೆ ಚಿತ್ರ ತೂಗುಹಾಕಿದ ಮೇಲೆ ಅದರ ಪಕ್ಕದಲ್ಲಿ ಅಂಗೈ ಅಗಲದ ಬಿಳಿ ಚೀಟಿ ಅಂಟಿಸಬೇಕು: ಇದು ಏನು, ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು. ನೋಡಲು ಬಂದವರು ಮೊದಲು ಚೀಟಿ ಓದುತ್ತಾರೆ. ಆಮೇಲೆ ಚಿತ್ರದ ಕಡೆ ತಿರುಗಿ, ಎಲ್ಲ ತಿಳಿದವರಂತೆ ತಲೆಯಾಡಿಸುತ್ತಾರೆ. ಬಿಳಿ ಹಾಳೆಯ ನಡುವೆ ಕೆಂಪು ಚುಕ್ಕೆ ಇಟ್ಟ ಚಿತ್ರವೊಂದರ ಪಕ್ಕ ಒಮ್ಮೆ ‘ಮೌನ’ ಎಂಬ ಚೀಟಿ ಅಂಟಿಸಿದ್ದೆ. ಸಾಹೇಬರೊಬ್ಬರು ಅದರ ಮುಂದೆ ಕಣ್ಣುಮುಚ್ಚಿ ಬಹಳ ಹೊತ್ತು ನಿಂತರು, ಹೋಗುವಾಗ ಕಣ್ಣೊರೆಸಿಕೊಂಡರು. ಸಂಜೆ ನೋಡಿದರೆ ಚೀಟಿ ಅದಲುಬದಲಾಗಿತ್ತು. ‘ಮೌನ’ ಪಕ್ಕದ ಚಿತ್ರದ ಹೆಸರು, ಚುಕ್ಕೆಯ ಚಿತ್ರದ ಹೆಸರು ‘ಸಂತೆ’. ಸದ್ದಿಲ್ಲದೆ ಬದಲಾಯಿಸಿದೆ. ಯಾರಿಗೂ ಏನೂ ನಷ್ಟವಾಗಲಿಲ್ಲ.

ನಾನು ಇದ್ದದ್ದು ಶಿಗ್ಗಾಂವದಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ. ಹುಟ್ಟೂರು ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ದಿನಾ ಬೆಳಿಗ್ಗೆ ಹೆದ್ದಾರಿ ಬಸ್ಸು ಹಿಡಿದು ಒಂದು ತಾಸು ಹುಬ್ಬಳ್ಳಿಗೆ ಹೋಗುವುದು. ದಾರಿಯ ನಡುವಿನ ತಡಸದಲ್ಲಿ ಯಾರಾದರೂ ಇಳಿದರೆ ಕೂರಲು ಜಾಗ ಸಿಗುತ್ತಿತ್ತು, ಇಲ್ಲದಿದ್ದರೆ ಕಂಬ ಹಿಡಿದು ನಿಂತೇ ಕಲಾಸೇವೆಗೆ ಹೊರಡಬೇಕು. ಬಸ್ಸು ಇಳಿದು ಗ್ಯಾಲರಿಯ ಗಾಜಿನ ಬಾಗಿಲು ತಳ್ಳುವಷ್ಟರಲ್ಲಿ ನಾನು ನನ್ನ ಅಡ್ಡಹೆಸರನ್ನು ಹೊರಗೆ ಬಿಟ್ಟಿರುತ್ತಿದ್ದೆ. ನಮ್ಮ ಅಡ್ಡಹೆಸರು ಕೇಳಿದರೆ ಸಾಕು, ಊರಲ್ಲಿ ನಮ್ಮ ಓಣಿ ಯಾವ ಕಡೆ ಇರುತ್ತದೆ, ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಯಾಕೆ ಇದೆ ಎಂಬುದೆಲ್ಲ ಸುತ್ತಲ ತಾಲೂಕಿನವರಿಗೆ ತಿಳಿಯುತ್ತದೆ. ಗ್ಯಾಲರಿಯಲ್ಲಿ ನಾನು ಹೆಸರಿನ ಮುಂದೆ ಒಂದೇ ಒಂದು ಅಕ್ಷರ ಇಟ್ಟುಕೊಂಡವಳು. ಅಲ್ಲಿ ಯಾರೂ ನನ್ನ ಜಾತಿ ಕೇಳಿದವರಲ್ಲ, ಸುಳ್ಳು ಯಾಕೆ ಹೇಳಲಿ. ಕಲೆಗೆ ಜಾತಿಯಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಹೇಳುವವರ ಅಡ್ಡಹೆಸರುಗಳು ಮಾತ್ರ ಚೀಟಿಗಳ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತಿದ್ದವು.

ಆ ವರ್ಷ ನಮ್ಮ ಮೇಡಂ ಅವರಿಗೆ ನೆಲದ ಮೇಲೆ ಪ್ರೀತಿ ಬಂತು. ಮೇಡಂ ಎಂದರೆ ಗ್ಯಾಲರಿಯ ಕ್ಯುರೇಟರ್, ಯಾವುದನ್ನು ಎಲ್ಲಿ ತೂಗುಹಾಕಬೇಕು ಎಂದು ತೀರ್ಮಾನಿಸುವವರು. ಬೆಂಗಳೂರಿನಿಂದ ಬಂದವರು, ಮನಸ್ಸು ಒಳ್ಳೆಯದು, ಧೂಳಿನ ಅಲರ್ಜಿ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕಲೆ ಮತ್ತು ಇತಿಹಾಸದ ಪ್ರದರ್ಶನ ಮಾಡೋಣ ಎಂದರು. ಆ ಕಡೆಯವಳು ಎಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಸವಣೂರಿನಲ್ಲಿ ಒಂದು ಹಳೆಯ ಮನೆಯಿಂದ ಹಿತ್ತಾಳೆಯ ಎಲೆಪೆಟ್ಟಿಗೆ ಸಿಕ್ಕಿತು. ಕೊಟ್ಟ ಅಜ್ಜಿ, ಖಾಲಿ ಪೆಟ್ಟಿಗೆ ಕೊಡಬಾರದೆಂದು ಒಂದು ಕಟ್ಟು ವೀಳ್ಯದೆಲೆ ತುಂಬಿಯೇ ಕೊಟ್ಟಳು. ಹಾನಗಲ್ಲ ಕಡೆಯ ಒಂದು ಊರಲ್ಲಿ ವೀರಗಲ್ಲು ಬೇಕೆಂದು ಕೇಳಿದೆವು. ಅದರ ಮೇಲೆ ಹಪ್ಪಳ ಒಣಗಿಸಿದ್ದ ಹೆಂಗಸು, “ಒಣಗಿದ ಮ್ಯಾಲ ಬರ್ರಿ” ಎಂದಳು. ಕೊನೆಗೆ ಫೋಟೊ ತೆಗೆದುಕೊಂಡು ಬಂದೆವು, ಹಪ್ಪಳದ ಸಮೇತ. ಅದಕ್ಕೆ ಮೇಡಂ, “ಪರಂಪರೆ ಮತ್ತು ವರ್ತಮಾನದ ಸಂವಾದ” ಎಂದರು. ನಾನು ಅದನ್ನೇ ಚೀಟಿಯಲ್ಲಿ ಬರೆದೆ. ಸಂಬಳ ಅದಕ್ಕೇ ಕೊಡುತ್ತಿದ್ದರು.

ಕೊನೆಗೆ ನಮ್ಮೂರು. ನಮ್ಮೂರಿಗೆ ಬರಬೇಕೆಂದು ಹೇಳಿದವಳು ನಾನಲ್ಲ, ಅದು ನನ್ನೂರೆಂದು ಮೇಡಂ ಅವರಿಗೆ ತಿಳಿಸಿದವಳೂ ಅಲ್ಲ. ನಮ್ಮೂರ ಗೌಡರ ಮನೆಯಲ್ಲಿ ಒಂದು ಜೂಲ ಇದೆಯೆಂದು ಮೇಡಂ ಅವರಿಗೆ ಬೇರೆ ಯಾರೋ ಹೇಳಿದ್ದರು.

ಜೂಲ ಎಂದರೆ ಹೋರಿಯ ಬೆನ್ನಿಗೆ ಹೊದಿಸುವ ಅಲಂಕಾರದ ಬಟ್ಟೆ. ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ ಜನರ ನಡುವೆ ಓಡಿಸುತ್ತಾರೆ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಹರಿದವನು ಗೆದ್ದ. ಯಾರ ಕೈಗೂ ಸಿಗದೆ ದಾಟಿ ಹೋದರೆ ಹೋರಿ ಗೆದ್ದಿತು. ಮೈಕಿನವನು ಹೋರಿಯ ಹೆಸರು ಕೂಗುತ್ತಾನೆ, ಮಾಲೀಕರ ಹೆಸರು ಕೂಗುತ್ತಾನೆ, ಕೊಬ್ಬರಿ ಹರಿದವನ ಹೆಸರನ್ನಂತೂ ಗಂಟಲು ಕಟ್ಟುವವರೆಗೆ ಕೂಗುತ್ತಾನೆ. ಜೂಲ ಹೊಲಿದವನ ಹೆಸರು ಕೂಗಿದ್ದನ್ನು ಮಾತ್ರ ನಾನು ಈವರೆಗೆ ಕೇಳಿಲ್ಲ.

ಗೌಡರ ಮನೆಯ ಆ ಜೂಲ ಹೊಲಿದವನು ನನ್ನ ಅಪ್ಪ. ಕೆಂಪು ಮಖಮಲ್ಲಿನ ಮೇಲೆ ಕನ್ನಡಿ ಚೂರು, ಅಂಚಿಗೆ ಉಣ್ಣೆಯ ಗೊಂಡೆ, ನಡುವೆ ಗರಿ ಬಿಚ್ಚಿದ ಎರಡು ನವಿಲು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಇಡೀ ಮಳೆಗಾಲ ಅದು ನಮ್ಮ ಪಡಸಾಲೆಯಲ್ಲಿ ಹಾಸಿತ್ತು. ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನೇ. ಹರೆಯದಲ್ಲಿ ಅಪ್ಪ ಕೊಬ್ಬರಿ ಹರಿಯುವುದರಲ್ಲೂ ಹೆಸರು ಮಾಡಿದವನು. ಮೊಣಕಾಲಿಗೆ ಕೋಡು ತಾಗಿದ ಮೇಲೆ ಅಖಾಡ ಬಿಟ್ಟ, ಆದರೆ ಕೈ ಬಿಡಲಿಲ್ಲ. ಸತ್ಕಾರ ಸಮಾರಂಭದಲ್ಲಿ ದೊಡ್ಡ ಮನುಷ್ಯರ ಕೊರಳಿಗೆ ಕೊಬ್ಬರಿ ಹಾರ ಬಿದ್ದರೂ ಅಪ್ಪನ ಬಲಗೈ ತನ್ನಷ್ಟಕ್ಕೆ ಎದ್ದು ಇಳಿಯುತ್ತಿತ್ತು. ಅವ್ವ ಅಂಥ ಕಡೆ ಅವನ ತೋಳು ಹಿಡಿದೇ ಕೂರುತ್ತಿದ್ದಳು.

ಗೌಡರು ಜೂಲ ಬಿಡಿಸಿ ಹಾಸಿದರು. ಮೇಡಂ ಬಾಯಿ ಮೇಲೆ ಕೈಯಿಟ್ಟುಕೊಂಡು, “ಅಬ್ಬಾ, ಇದನ್ನ ಮಾಡಿದವರು ಯಾರು?” ಎಂದು ಕೇಳಿದರು.

ಗೌಡರು ನನ್ನ ಮುಖ ನೋಡಿದರು. ನಾನು ಯಾರ ಮಗಳೆಂದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಅಪ್ಪ ಆ ಹೊತ್ತಿಗೆ ಹೊಲಿಗೆಯ ಮಷೀನಿನ ಮುಂದೆ ಕೂತಿರುತ್ತಾನೆ, ಕರೆದರೆ ಕೇಳಿಸುತ್ತದೆ. ನಾನು ನೆಲ ನೋಡಿದೆ. ಗೌಡರು ಒಂದು ಗಳಿಗೆ ಕಾದು, “ಇಲ್ಲೇ ಊರಾಗ ಯಾರೋ ಹೊಲದಾರ್ರಿ” ಎಂದರು. ಅವರು ನನ್ನ ಮಾನ ಕಾಯ್ದರೋ ಕಳೆದರೋ ನನಗೆ ಇವತ್ತಿಗೂ ತಿಳಿದಿಲ್ಲ. ಮೇಡಂ ತಮ್ಮ ಪುಸ್ತಕದಲ್ಲಿ ‘ಅಜ್ಞಾತ’ ಎಂದು ಬರೆದುಕೊಂಡರು. ನಾನು ಕಾರು ಹತ್ತಿದೆ.

ಸಂಜೆ ಅಪ್ಪನ ಫೋನು ಬಂತು.

“ಊರಿಗೆ ಬಂದು ಹೋದಿ ಅಂತಲ್ಲ, ಯವ್ವಾ. ಮನಿಗೆ ಬರಲಿಲ್ಲ?”

“ಹೊತ್ತಾಗಿತ್ತಪ್ಪ. ಮೇಡಂ ಅವಸರ ಮಾಡಿದ್ರು.”

“ಇರಲಿ ತಗೋ. ನನ್ನ ಜೂಲ ಒಯ್ದೀರಂತ. ಅದರ ಬಾಜೂಕ ಹೆಸರು ಹಾಕ್ತಾರೇನು?”

“ಹಾಕ್ತಾರಪ್ಪ. ಚೀಟಿ ನಾನ ಬರಿಯಾಕಿ.”

ಆ ಕಡೆಯಿಂದ ಅಪ್ಪ, “ಹಂಗಾರ ಪೂರಾ ಬರಿ. ಅಡ್ಡಹೆಸರೂ ಬರಲಿ. ಇಷ್ಟು ವರ್ಷ ಹೊಲದೇನಿ, ಒಂದು ಕಡೆ ಆದರೂ ಇರಲಿ” ಎಂದ. ಬಿಡುವಾದಾಗ ನೋಡಲು ಬರುತ್ತೇನೆ ಎಂದೂ ಹೇಳಿದ.

ಮರುದಿನ ನಾನೇ ಟೈಪು ಮಾಡಿದೆ. ಜೂಲ. ಮಖಮಲ್ಲು, ಕನ್ನಡಿ, ಉಣ್ಣೆ. ಹಿರೇಕೆರೂರು ತಾಲೂಕು. ಕೆಳಗೆ ಜೂಲ ಕೊಟ್ಟ ಗೌಡರ ಪೂರ್ತಿ ಹೆಸರು, ಕೃತಜ್ಞತೆಗಳೊಂದಿಗೆ. ಅದರ ಕೆಳಗೆ, ಹಿಂದೆ ಈ ಜೂಲ ಹೊತ್ತು ಓಡುತ್ತಿದ್ದ, ಈಗ ಸತ್ತುಹೋದ ಹೋರಿಯ ಹೆಸರು, ಅದರ ಬಿರುದುಗಳ ಸಮೇತ. ಕೊನೆಯ ಸಾಲು: ಕುಶಲಕರ್ಮಿ, ಅಜ್ಞಾತ. ಹೋರಿಗೂ ಹೆಸರಿತ್ತು. ಹೋರಿಗೆ ಅಡ್ಡಹೆಸರಿನ ಚಿಂತೆ ಇರಲಿಲ್ಲವಲ್ಲ.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. ಮುಖ್ಯ ಅತಿಥಿಗಳು ಒಂದೂವರೆ ತಾಸು ತಡವಾಗಿ ಬಂದು, ಕಾಲದ ಮಹತ್ವದ ಬಗ್ಗೆ ಮಾತಾಡಿದರು. ಜನಪದವೇ ನಮ್ಮ ಬೇರು ಎಂದರು. ಬೇರನ್ನು ನೋಡಲು ಒಳಗೆ ಬನ್ನಿ ಎಂದಾಗ ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟರು. ಉಳಿದವರು ಶಿರಾ, ಉಪ್ಪಿಟ್ಟಿನ ಕಡೆ ನಡೆದರು. ಒಂದು ಬೀಸುವ ಕಲ್ಲನ್ನು ಪೀಠದ ಮೇಲಿಟ್ಟು ಮೇಲಿನಿಂದ ದೀಪ ಬಿಟ್ಟಿದ್ದೆವು. ನೆಲ ಒರೆಸುವ ಅಕ್ಕ ಅದನ್ನೇ ನೋಡುತ್ತ ನಿಂತು, “ನಾ ಬೀಸುವಾಗ ಇಷ್ಟು ಬೆಳಕು ಇದ್ದಿದ್ದರ ಕಣ್ಣಾದರೂ ಉಳೀತಿದ್ವು” ಎಂದಳು. ಅದನ್ನು ಚೀಟಿಯಲ್ಲಿ ಬರೆಯಬೇಕೆನ್ನಿಸಿತು. ಬರೆಯಲಿಲ್ಲ.

ಮಧ್ಯದ ಹಾಲಿನಲ್ಲಿ ಮೇಡಂ ಫೈಬರಿನ ಹೋರಿಯೊಂದನ್ನು ಮಾಡಿಸಿ ನಿಲ್ಲಿಸಿದ್ದರು, ಆಳೆತ್ತರದ್ದು. ಅದರ ಬೆನ್ನಿಗೆ ಅಪ್ಪನ ಜೂಲ, ಕೊರಳಿಗೆ ನಿಜವಾದ ಕೊಬ್ಬರಿಯ ಹಾರ. ಸುತ್ತಲೂ ಹಗ್ಗ, ಹಗ್ಗಕ್ಕೆ ‘ಮುಟ್ಟಬೇಡಿ’ ಎಂಬ ಹಲಗೆ. ನಾಲ್ಕು ತಾಲೂಕಿನ ಗಂಡಸರು ಮುಟ್ಟಲೆಂದೇ ಜೀವ ಪಣಕ್ಕಿಡುವ ವಸ್ತುವಿಗೆ ‘ಮುಟ್ಟಬೇಡಿ’ ಎಂದು ಬರೆದವಳೂ ನಾನೇ.

ಚೀಟಿ ಬದಲಾಯಿಸಬೇಕು ಎಂದು ದಿನಾ ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ತಡಸ ದಾಟುವಾಗ ಧೈರ್ಯ ಇರುತ್ತಿತ್ತು, ಗಾಜಿನ ಬಾಗಿಲ ಹತ್ತಿರ ಬಂದಾಗ ಇಳಿದುಹೋಗುತ್ತಿತ್ತು. ಹೇಳಿದರೆ ಮೇಡಂ, “ನಿನಗೆ ಹೇಗೆ ಗೊತ್ತು?” ಎನ್ನುತ್ತಾರೆ. ಅಪ್ಪ ಎನ್ನಬೇಕು. ಆಮೇಲೆ ಅಡ್ಡಹೆಸರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳಿ ಎಂದಿರಲಿಲ್ಲ, ಆದರೂ ನಾನು ಮೂರು ವಾರ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ. ಆಯಿತವಾರ ಬರುತ್ತೇನೆ ಎಂದು ಅಪ್ಪ ಫೋನು ಮಾಡಿದ. ಶನಿವಾರ ಬದಲಾಯಿಸಿದರಾಯಿತು ಎಂದು ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಅಪ್ಪ ಗುರುವಾರವೇ ಬಂದ. ಊರಿನ ಟೆಂಪೊ ಒಂದು ಬೆಳ್ಳುಳ್ಳಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿತ್ತಂತೆ, ಹತ್ತಿ ಕೂತುಬಿಟ್ಟ. ನಾನು ಬಾಗಿಲ ಹತ್ತಿರದ ಮೇಜಿನಲ್ಲಿರಲಿಲ್ಲ, ಕಪಾಟಿನಿಂದ ಕರಪತ್ರ ತರಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಬೆನ್ನೊಂದು ಹೋರಿಯ ಮುಂದೆ ನಿಂತಿತ್ತು. ಹೊಸ ಚಪ್ಪಲಿಯನ್ನು ಗಾಜಿನ ಬಾಗಿಲ ಹೊರಗೆ ಬಿಟ್ಟು ಬಂದಿದ್ದ. ಅದೇ ಹಾಲಿನಲ್ಲಿ ಮೇಡಂ ಹತ್ತು ಹನ್ನೆರಡು ಅತಿಥಿಗಳಿಗೆ ಪ್ರದರ್ಶನ ತೋರಿಸುತ್ತಿದ್ದರು. ನಾನು ಕಂಬದ ಪಕ್ಕ ನಿಂತುಬಿಟ್ಟೆ.

ಅಪ್ಪ ಚೀಟಿ ಓದಿದ. ಅವನು ತುಟಿ ಅಲುಗಿಸಿ ಓದುವವನು, ಆದ್ದರಿಂದ ಯಾವ ಸಾಲಿನಲ್ಲಿದ್ದಾನೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಮಖಮಲ್ಲು ಓದಿದ. ಗೌಡರನ್ನು ಓದಿದ. ಹೋರಿಯ ಹೆಸರು ಓದಿ ಮುಗುಳ್ನಕ್ಕ. ಕೊನೆಯ ಸಾಲಿಗೆ ಬಂದು ನಿಂತ. ಇನ್ನೊಮ್ಮೆ ಮೇಲಿನಿಂದ ಓದಿದ. ಚೀಟಿಯ ಹಿಂದೆ ಏನಾದರೂ ಇದೆಯೇ ಎಂದು ಬಗ್ಗಿ ನೋಡಿದ. ಆಮೇಲೆ ತಲೆ ಎತ್ತಿ ಸುತ್ತಲೂ ನೋಡಿ, ಕಂಬದ ಪಕ್ಕ ನನ್ನನ್ನು ಕಂಡ. ಚೀಟಿ ನಾನೇ ಬರೆಯುವವಳು ಎಂದು ಅವನಿಗೆ ಹೇಳಿದವಳು ನಾನೇ. ಹೊಸದಾಗಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಅಪ್ಪ ಹೋರಿಯ ಕಡೆ ತಿರುಗಿದ. ಕಣ್ಣ ಮಟ್ಟಕ್ಕೆ ಕೊಬ್ಬರಿಯ ಹಾರ. ಪಕ್ಕದಲ್ಲಿ ತೋಳು ಹಿಡಿಯಲು ಅವ್ವ ಇರಲಿಲ್ಲ. ಬಲಗೈ ಎದ್ದಿತು, ಹಗ್ಗ ದಾಟಿತು, ಒಂದೇ ಜಗ್ಗಿಗೆ ಹಾರ ಹರಿಯಿತು. ಕೊಬ್ಬರಿ ಬಟ್ಟಲುಗಳು ಮಿರುಗುವ ನೆಲದ ಮೇಲೆ ಟಣಟಣ ಉರುಳಿದವು. ಒಂದು ಹೋಗಿ ಬೀಸುವ ಕಲ್ಲಿನ ಪೀಠಕ್ಕೆ ತಾಗಿತು.

ಕಾವಲುಗಾರ ಓಡಿಬಂದು ಅಪ್ಪನ ರಟ್ಟೆ ಹಿಡಿದ. ಅತಿಥಿಗಳಲ್ಲಿ ಒಬ್ಬರು, ಇದೂ ಪ್ರದರ್ಶನದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ತಟ್ಟದೆ ಇರುವುದು ಕಲಾಜ್ಞಾನದ ಕೊರತೆಯಾಗುತ್ತದೆಂದು ಉಳಿದವರೂ ತಟ್ಟಿದರು. ನಾಲ್ಕೈದು ಮೊಬೈಲು ಮೇಲೆದ್ದವು. ಅಪ್ಪ ಕೈಯಲ್ಲಿ ಅರ್ಧ ಹಾರ ಹಿಡಿದು ನಿಂತಿದ್ದ. ಎಷ್ಟೋ ವರ್ಷದ ಮೇಲೆ ಕೊಬ್ಬರಿ ಹರಿದಿದ್ದ, ಚಪ್ಪಾಳೆಯೂ ಬಿದ್ದಿತ್ತು. ಅವನ ಮುಖದಲ್ಲಿ ಗೆದ್ದ ಕಳೆ ಮಾತ್ರ ಇರಲಿಲ್ಲ.

ಮೇಡಂ ಕೂಗಾಡುವವರಲ್ಲ. ಮೆತ್ತಗೆ, “ಯಾರ ಜೊತೆ ಬಂದಿದ್ದೀರಿ ನೀವು?” ಎಂದು ಕೇಳಿದರು.

ಅಪ್ಪ ನನ್ನ ಕಡೆ ನೋಡಲೂ ಇಲ್ಲ. “ಯಾರ ಜೋಡೀನೂ ಇಲ್ರಿ. ಇಲ್ಲಿ ನಮಗ ಯಾರ ಗುರ್ತೂ ಇಲ್ಲ. ಒಬ್ಬನ ಬಂದೇನಿ” ಎಂದ. “ತಪ್ಪಾತ್ರಿ. ಹೋರಿ ಮುಂದ ನಿಂತರ ಕೈ ತಡಿಯೂದಿಲ್ಲ.”

ಮೇಡಂ ನನ್ನನ್ನು ಕರೆದರು. “ಇವರ ಹೆಸರು, ಊರು ಬರೆಸಿಕೊಂಡು ಕಳಿಸು.”

ಮೇಜಿನ ಹತ್ತಿರ ಬಂದು ರಿಜಿಸ್ಟರು ತೆರೆದೆ. ಕಾವಲುಗಾರ ಪಕ್ಕದಲ್ಲೇ ನಿಂತಿದ್ದ. ಹೆತ್ತ ಅಪ್ಪನಿಗೆ ನಾನು ಕೇಳಿದೆ: “ಹೆಸರು ಹೇಳ್ರಿ.”

“ಬರಕೋರಿ, ಬಾಯಾರ” ಎಂದ ಅಪ್ಪ.

ಬಾಯಾರ ಎಂದು ನಮ್ಮ ಕಡೆ ಗುರುತಿಲ್ಲದ ದೊಡ್ಡ ಹೆಂಗಸರನ್ನು ಕರೆಯುತ್ತಾರೆ. ಅವನು ನನಗೆ ಯಾವತ್ತೂ ‘ರಿ’ ಹಚ್ಚಿ ಮಾತಾಡಿದವನಲ್ಲ. ಪರಸ್ಥಳದ ಕಚೇರಿಯಲ್ಲಿ ಗುಮಾಸ್ತರ ಮುಂದೆ ಹೇಳುವ ಹಾಗೆ ತನ್ನ ಹೆಸರು ಹೇಳಿದ, ತನ್ನ ಅಪ್ಪನ ಹೆಸರು ಹೇಳಿದ, ಅಡ್ಡಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ, ಊರು ಹೇಳಿದ, ತಾಲೂಕು ಹೇಳಿದ. ನಾನು ಬರೆದೆ. ಅಕ್ಷರ ದುಂಡಗೆ ಬಂತು, ಅಭ್ಯಾಸ ನೋಡಿ. “ಆತೇನ್ರಿ?” ಎಂದ. “ಆತ್ರಿ” ಎಂದೆ. ಕೊಬ್ಬರಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಗಾಜಿನ ಆಚೆ, ಒಂದು ಕಾಲು ಎಳೆಯುತ್ತ ಅವನು ರಸ್ತೆ ದಾಟುವುದು ಕಾಣುತ್ತಿತ್ತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಅಂದು ಸಂಜೆ ಬಸ್ಸಿನಲ್ಲಿ ಜಾಗ ಖಾಲಿ ಇದ್ದರೂ ಶಿಗ್ಗಾಂವದವರೆಗೆ ನಿಂತೇ ಹೋದೆ, ಅದರಿಂದ ಯಾರಿಗೆ ಏನು ಉಪಕಾರವಾಯಿತೋ.

ಮರುದಿನ ಗ್ಯಾಲರಿಗೆ ಹೋದರೆ ಎಲ್ಲರ ಮುಖದಲ್ಲೂ ಹಬ್ಬ. ಮೊಬೈಲಿನ ಚಿತ್ರಗಳು ಊರೆಲ್ಲ ಓಡಾಡಿದ್ದವು. ಎಂದೂ ಇಲ್ಲದ ಜನ ಬೆಳಿಗ್ಗೆಯೇ ಬಂದು, ಕೊಬ್ಬರಿ ಎಷ್ಟು ಗಂಟೆಗೆ ಹರಿಯುತ್ತಾರೆ ಎಂದು ಕೇಳುತ್ತಿದ್ದರು. ಮೇಡಂ ಅವರಿಗೆ ಸಿಟ್ಟೆಲ್ಲ ಇಳಿದು, ಹೊಳಹು ಬಂದಿತ್ತು. ದಿನಾ ನಾಲ್ಕು ಗಂಟೆಗೆ ಕೊಬ್ಬರಿ ಹರಿಯುವುದನ್ನು ಇಟ್ಟುಕೊಳ್ಳೋಣ, ಆ ಅಜ್ಜನನ್ನೇ ಕರೆಸೋಣ, ಎಷ್ಟು ಸಹಜ, ಎಷ್ಟು ಕಚ್ಚಾ ಶಕ್ತಿ ಎಂದರು. ಹೋರಿಯ ಪಕ್ಕದಲ್ಲೇ ನಿಂತು ನನ್ನನ್ನು ಕರೆದರು. ಸುತ್ತ ಜನವಿತ್ತು.

“ಆ ಅಜ್ಜನ ಹೆಸರು ಬರೆಸಿಕೊಂಡಿದ್ದೀಯಲ್ಲ? ಅವರಿಗೂ ಒಂದು ಚೀಟಿ ಮಾಡು. ಕೊಬ್ಬರಿ ಹರಿದವರು, ಅಂತ.”

ಮೂವತ್ತು ನಲವತ್ತು ವರ್ಷ ಸೂಜಿ ಹಿಡಿದವನಿಗೆ ಚೀಟಿಯಿಲ್ಲ, ಒಂದು ಗಳಿಗೆ ಕೈ ತಪ್ಪಿದವನಿಗೆ ಚೀಟಿ. ನನಗೆ ನಗು ಬಂತು. ನಗುತ್ತಲೇ ಬಾಯಿ ತೆರೆದೆ, ಮಾತು ಬೇರೆ ಬಂತು.

“ಅವರು ಈ ಜೂಲ ಹೊಲಿದವರು, ಮೇಡಂ. ನಮ್ಮಪ್ಪ.”

ಆಮೇಲೆ ಅಡ್ಡಹೆಸರಿನ ಸಮೇತ ಅಪ್ಪನ ಹೆಸರು ಹೇಳಿದೆ, ಅದರ ಹಿಂದೆಯೇ ನನ್ನ ಹೆಸರನ್ನೂ, ಅದೇ ಅಡ್ಡಹೆಸರಿನ ಸಮೇತ. ದನಿ ಸ್ವಲ್ಪ ಜೋರಾಗಿಯೇ ಇತ್ತೆಂದು ಕಾಣುತ್ತದೆ. ಕಾವಲುಗಾರ ತಿರುಗಿ ನೋಡಿದ. ಬಂದ ಜನರಲ್ಲಿ ಒಬ್ಬಾತ ಹೆಸರು ಕೇಳಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ, ನಮ್ಮ ಕಡೆಯವನೇ ಇರಬೇಕು. ಇಷ್ಟು ವರ್ಷ ಹೆದರಿದ್ದು ಈ ನೋಟಕ್ಕೇ. ನೋಡಿದ, ಮುಗಿಯಿತು, ಹೋರಿಯ ಕಡೆ ತಿರುಗಿದ.

ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. “ಎಂಥ ಕಥೆ! ಮೊದಲೇ ಯಾಕೆ ಹೇಳಲಿಲ್ಲ? ಉದ್ಘಾಟನೆಗೇ ಬಳಸಿಕೊಳ್ಳಬಹುದಿತ್ತು” ಎಂದರು. ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. ಸಂಜೆಯೊಳಗೆ ‘ನಮ್ಮ ಸಿಬ್ಬಂದಿಯ ತಂದೆ’ ಎಂದು ಸೇರಿಸಿದ ಉದ್ದದ ಚೀಟಿಯೊಂದನ್ನು ಅವರೇ ಬರೆದುಕೊಟ್ಟರು. ನಾನು ಆ ಸಾಲು ತೆಗೆದು, ಅಪ್ಪ ಹೇಳಿದ ಹಾಗೆ ಹೆಸರು, ಅಡ್ಡಹೆಸರು, ಊರು ಅಷ್ಟನ್ನೇ ಇಟ್ಟು ಅಂಟಿಸಿದೆ. ನಾಲ್ಕು ಗಂಟೆಯ ಕಾರ್ಯಕ್ರಮಕ್ಕೆ ಅಪ್ಪ ಬರುವುದಿಲ್ಲ ಎಂದೂ ನಾನೇ ಹೇಳಿದೆ.

ರಾತ್ರಿಯವರೆಗೆ ಕಾಯಲಿಲ್ಲ, ಗ್ಯಾಲರಿಯ ಮೆಟ್ಟಿಲ ಮೇಲೆ ನಿಂತೇ ಊರಿಗೆ ಫೋನು ಹಚ್ಚಿದೆ. ಅಪ್ಪನೇ ಎತ್ತಿದ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಅದಕ್ಕೇ ಚೀಟಿಯ ಸುದ್ದಿ ಹೇಳಿದೆ.

“ಅಪ್ಪಾ, ನಿನ್ನ ಹೆಸರು ಬರದು ಹಚ್ಚೇನಿ. ಪೂರಾ.”

ಹಿಂದಿನಿಂದ ಹೊಲಿಗೆಯ ಮಷೀನಿನ ಸಪ್ಪಳ ಕೇಳುತ್ತಿತ್ತು. ಅದು ನಿಂತಿತು.

“ಬರೇ ಬರದೀಯೋ, ಬಾಯಿಲೆ ಹೇಳಿದಿಯೋ?”

“ಹೇಳೇನಿ.”

“ಯಾರ ಮುಂದ?”

“ಮೇಡಂ ಮುಂದ. ನಿನ್ನ ರಟ್ಟಿ ಹಿಡದಿದ್ದನಲ್ಲ, ಅವನ ಮುಂದ. ಬಂದ ಮಂದಿ ಎಲ್ಲಾರ ಮುಂದ.”

ಆ ಕಡೆ ಮಷೀನು ಒಂದೆರಡು ಹೊಲಿಗೆ ಓಡಿ ಮತ್ತೆ ನಿಂತಿತು.

“ಹಂಗಾರ ಆಯಿತವಾರ ನಿಮ್ಮವ್ವನ ಕರಕೊಂಡು ಬರ್ತೇನಿ” ಎಂದ. “ಯಾರ ಜೋಡಿ ಬಂದೀರಿ ಅಂತ ನಿಮ್ಮ ಮೇಡಂ ಬಾಯಾರು ಮತ್ತ ಕೇಳಿದ್ರ, ಈ ಸಲ ನಾ ಹೇಳೂದಿಲ್ಲ. ನೀನ ಹೇಳು.”